ನಲವತ್ತೊಂದು ದಿನ ಬಾಕಿ

ನಮ್ಮ ಕೊರಿಯಾದಲ್ಲಿ ಗಂಡಾಗಿ ಹುಟ್ಟಿದವನು ಬಂದೂಕು ಹೊರಲೇಬೇಕು. ಹಡಗಿನ ಅಧಿಕಾರಿಯ ಪರವಾನಗಿ ಇದ್ದವನಿಗೆ ಮಾತ್ರ ಒಂದು ಸಂದಿ ಇದೆ: ಮೂರು ವರ್ಷ ಸರಕು ಹಡಗಿನಲ್ಲಿ ದುಡಿದರೆ ಸೈನ್ಯ ತಪ್ಪುತ್ತದೆ. ನಡುವೆ ಕಂಪನಿ ಇಳಿಸಿಬಿಟ್ಟರೆ ನೆಟ್ಟಗೆ ಬ್ಯಾರಕ್ಕು. ಹಾಗಾಗಿ ಆ ಮೂರು ವರ್ಷ ಯಾರೂ ಕ್ಯಾಪ್ಟನ್ನಿಗೆ ಎದುರಾಡುವುದಿಲ್ಲ. ಅಷ್ಟು ವಿಧೇಯತೆಯನ್ನು ನಾನು ಸೈನ್ಯದಲ್ಲೂ ಕಂಡಿರಲಿಲ್ಲ.

ಡೆಕ್ಕಿನ ಕಿರಿಯ ಅಧಿಕಾರಿ, ಥರ್ಡ್ ಮೇಟ್ ಗುಕ್ ಜೆಹಾನಿಗೆ ಆ ಮೂರು ವರ್ಷ ಮುಗಿಯಲು ನಲವತ್ತೊಂದು ದಿನ ಬಾಕಿ ಇತ್ತು. ಸೈನ್ಯದಿಂದ ಬಂದ ಅವನ ಅಣ್ಣ ಇವತ್ತಿಗೂ ಊಟದ ಬಟ್ಟಲು ಹಿಡಿದು, ಬೆನ್ನಿಗೊಂದು ಗೋಡೆ ಹುಡುಕಿಕೊಂಡೇ ಕೂರುತ್ತಾನಂತೆ.

ಕಲ್ಲಿದ್ದಲು ತುಂಬಿದ ಉಗ್ರಾಣದಲ್ಲಿ ಗಾಳಿ ಸಾಯುತ್ತದೆ. ಯಾರಾದರೂ ಇಳಿಯುವ ಮೊದಲು ಥರ್ಡ್ ಮೇಟ್ ಆಮ್ಲಜನಕ ಅಳೆದು ಚೀಟಿಗೆ ಸಹಿ ಹಾಕಬೇಕು. ಕ್ಯಾಪ್ಟನ್ ಮಿನ್ ಅವರಿಗೆ ಕಡತ ಚೊಕ್ಕಟವಾಗಿರಬೇಕು. ಹೊರಡುವ ದಿನವೇ ಇಡೀ ಪ್ರಯಾಣದ ಚೀಟಿಗಳಿಗೆ ಜೆಹಾನಿಂದ ಸಹಿ ಹಾಕಿಸಿಡುತ್ತಿದ್ದರು. ಚೀಫ್ ಎಂಜಿನಿಯರ್ ಆದ ನಾನೂ ಪಕ್ಕದಲ್ಲಿ ಕಾಫಿ ಕುಡಿಯುತ್ತ ನೋಡಿದ್ದೆ. ಡೆಕ್ಕಿನ ಆಳುಗಳ ಮೇಸ್ತ್ರಿ, ಫಿಲಿಪೀನ್ಸಿನ ಬೋಸನ್ ದಿಮಾಯುಗ ಹಡಗಿಗೆ ಹೊಸಬ. ಅವನಿಗೆ ಇದನ್ನು ಯಾರೂ ಹೇಳಿರಲಿಲ್ಲ. ಜಾಗರೂಕ ಮನುಷ್ಯ, ಚೀಟಿ ನೋಡದೆ ಎಲ್ಲೂ ಇಳಿಯುತ್ತಿರಲಿಲ್ಲ. ಆ ಬೆಳಿಗ್ಗೆಯೂ ನೋಡಿಯೇ ಇಳಿದ. ಏಣಿಯ ಒಂಬತ್ತನೇ ಮೆಟ್ಟಿಲಲ್ಲಿ ಕೈ ಬಿಟ್ಟ.

ಹೆಣವನ್ನು ಮಾಂಸದ ಫ್ರೀಜರಿನಲ್ಲಿಟ್ಟೆವು. ಬಂದರು ಸೇರುವವರೆಗೂ ಅಡುಗೆಯವನು ಮೂಲಂಗಿ ಸಾರೇ ಮಾಡಿದ. ಯಾರೂ ಗೊಣಗಲಿಲ್ಲ.

"ಏನಯ್ಯಾ, ಊಟ ಸೇರ್ತಿಲ್ವಾ?" ಎಂದರು ಕ್ಯಾಪ್ಟನ್. "ಬ್ಯಾರಕ್ಕಲ್ಲಿ ಇಷ್ಟೂ ಸಿಗಲ್ಲ, ತಿನ್ನು."

"ಸಾರ್, ಆ ಚೀಟಿ..." ಎಂದ ಜೆಹಾ.

"ಯಾವ ಚೀಟಿ? ನಿನ್ನೆ ಗಾಳಿ ಬೀಸ್ತು, ಹಾರಿಹೋಯ್ತು. ಬೋಸನ್ ಯಾರನ್ನೂ ಕೇಳ್ದೆ ಇಳಿದ. ಇಷ್ಟು ಹೇಳೋಕೆ ಪದವಿ ಬೇಕಾ?"

"ಕೇಳ್ದೆ ಇಳಿಯೋನಲ್ಲ ಸಾರ್ ಅವನು."

"ಹಾಗಾದ್ರೆ ಸತ್ಯ ಹೇಳು ಮಹಾರಾಯ. ಸಹಿ ಯಾರ್ದು, ನಂದಾ?"

ಹೊರಗೆ ಬಂದ ಮೇಲೆ ಜೆಹಾ ನನ್ನ ತೋಳು ಹಿಡಿದ. "ಚೀಫ್, ಅವರೇ ಹಾಕ್ಸಿದ್ದು ನೀವೂ ನೋಡಿದ್ರಿ."

"ಎಂಜಿನ್ನಿನವನಿಗೆ ಡೆಕ್ಕಿನ ಕಾಗದ ಯಾಕಪ್ಪಾ? ನಲವತ್ತು ದಿನ ಕಣ್ಮುಚ್ಕೊಂಡಿರು."

"ಅವನ ಹೆಂಡ್ತಿಗೆ ಏನಂತ ಬರೀತಾರೆ?"

"ಅಜಾಗರೂಕತೆ ಅಂತ."

"ಅವಳು ನಂಬಲ್ಲ," ಎಂದ.

ಗ್ವಾಂಗ್ಯಾಂಗ್ ಬಂದರಿನಲ್ಲಿ ತನಿಖಾಧಿಕಾರಿ ಹಡಗು ಹತ್ತಿದರು. ಅವರು ಕೇಳಿದ್ದು ಒಂದೇ: ಗಾಳಿ ಅಳೆದವರು ಯಾರು? ಅರೆತೆರೆದ ಬಾಗಿಲಾಚೆ ಸರದಿಗೆ ಕಾದಿದ್ದ ನನಗೆ ಎಲ್ಲ ಕಾಣಿಸುತ್ತಿತ್ತು, ಕೇಳಿಸುತ್ತಿತ್ತು.

"ಯಾರೂ ಅಳೀಲಿಲ್ಲ," ಎಂದ ಜೆಹಾ. "ಚೀಟಿ ಇತ್ತು. ಸಹಿ ನಂದೇ. ಹೊರಡೋ ದಿನವೇ ಕ್ಯಾಪ್ಟನ್ ಹಾಕ್ಸಿದ್ರು."

"ಪಾಪ, ಆಘಾತ ಆಗಿದೆ ಇವನಿಗೆ," ಎಂದರು ಕ್ಯಾಪ್ಟನ್, ಕನ್ನಡಕ ಒರೆಸಿಕೊಳ್ಳುತ್ತ.

"ಹಾಕ್ಸಿದ್ದನ್ನ ನೋಡಿದೋರು ಇದಾರಾ?" ಎಂದರು ಅಧಿಕಾರಿ.

"ಚೀಫ್ ಇದಾರೆ."

ನನ್ನನ್ನು ಒಳಗೆ ಕರೆದರು. ನಿವೃತ್ತಿಗೆ ಎರಡು ವರ್ಷವಿತ್ತು. ಕಂಪನಿಯಲ್ಲಿ ನನ್ನ ಮುಂದಿನ ಹಡಗನ್ನು ಬರೆಯುವ ಕೈ ಕ್ಯಾಪ್ಟನ್ನರ ಭಾವಮೈದುನನದು. ನಾನು ಯಾವಾಗಲೂ ಎಂಜಿನ್ ಕೋಣೆಯಲ್ಲೇ ಇರುತ್ತೇನೆ ಎಂದೆ. ಅಧಿಕಾರಿ ಬರೆದುಕೊಂಡರು. ಬೇರೇನೂ ಕೇಳಲಿಲ್ಲ.

ಸಂಜೆಗೆ ಕಂಪನಿ ಜೆಹಾನನ್ನು ಇಳಿಸಿತು. ಚೀಲ ಹೆಗಲಿಗೇರಿಸಿ, ಹಿರಿಯರಿಗೆ ಮಾಡುವಂತೆ ಸೊಂಟ ಬಗ್ಗಿಸಿ ನನಗೆ ವಂದಿಸಿದ.

"ಹೋಗ್ಬರ್ತೀನಿ, ಚೀಫ್."

ನಾನೂ ತಲೆ ಬಗ್ಗಿಸಿದೆ. ಅವನು ಏಣಿ ಇಳಿದು ಮುಗಿಸುವವರೆಗೂ ಎತ್ತಲಿಲ್ಲ.