ಆರನೆಯ ಹೆಗಲು

ಶವಪೆಟ್ಟಿಗೆಯನ್ನು ಎತ್ತಿದ ಐವರೂ ಮತ್ತೆ ಮೇಜಿನ ಮೇಲೇ ಇಳಿಸಿದರು. ಎಡಗಡೆಯ ಮುಂದಿನ ಮೂಲೆಗೆ ಹೆಗಲಿರಲಿಲ್ಲ.

"ಚಿಕ್ಕಮ್ಮ, ಪಟ್ಟಣದಿಂದ ಕೂಲಿಯವರನ್ನ ಕರೆಸೋಣ," ಎಂದ ಮ್ಯುರಿಯಲ್‌ಳ ಗಂಡನ ಅಣ್ಣನ ಮಗ ರೂಪರ್ಟ್. "ಚಿಕ್ಕಪ್ಪ ಏನು ಹಗುರಾನೇ?"

"ಕೂಲಿ ಹೆಗಲ ಮೇಲೆ ಹೋದರೆ ದಿಕ್ಕಿಲ್ಲದ ಹೆಣ ಅಂತಾರೆ ಇಲ್ಲಿ," ಎಂದಳು ಮ್ಯುರಿಯಲ್. "ಊರಿನ ಒಂದು ಹೆಗಲಾದರೂ ಬೇಕು. ತಾಳು."

ರೂಪರ್ಟನ ಜೊತೆಗಿದ್ದ ನಾಲ್ವರೂ ಲಂಡನ್ನಿನಿಂದ ಬಂದ ಹಳೆಯ ಸೇನಾಧಿಕಾರಿಗಳು. ಮ್ಯುರಿಯಲ್ ಸೋನೆಯಲ್ಲೇ ಕಮ್ಮಾರ ಜೆಥ್ರೊ ಪ್ರಿಂಗ್‌ನ ಮನೆಗೆ ನಡೆದಳು.

*

ಫ್ರಾನ್ಸಿನಲ್ಲಿ ಸೈನ್ಯ ಹಿಮ್ಮೆಟ್ಟುವಾಗ ಸೇತುವೆ ಸಿಡಿಸಲು ಅಪ್ಪಣೆ ಕೊಟ್ಟವನು ಬ್ರಿಗೇಡಿಯರ್ ಲೈಲ್, ಅವಳ ಗಂಡ. ಆಚೆ ದಡದಲ್ಲಿ ಉಳಿದಿದ್ದದ್ದು ಇದೇ ಊರಿನ ಹುಡುಗರ ತುಕಡಿ. ಒಂದೇ ಬೀದಿಯಲ್ಲಿ ಬೆಳೆದವರು ಒಟ್ಟಿಗಿದ್ದರೆ ಚೆನ್ನಾಗಿ ಕಾದುತ್ತಾರೆಂದು ಅವನೇ ಆರಿಸಿ ಕಟ್ಟಿದ್ದ ತುಕಡಿ. ಹೊಳೆ ಈಜಿ ಬಂದವನು ಜೆಥ್ರೊ ಒಬ್ಬನೇ.

ಗಂಡ ಪದಕದೊಂದಿಗೆ ಮನೆಗೆ ಬಂದ ದಿನ ಊಟದ ಹೊತ್ತಿನಲ್ಲಿ ಮ್ಯುರಿಯಲ್ ಕೇಳಿದ್ದಳು: "ಸ್ವಲ್ಪ ಕಾಯಬಹುದಿತ್ತಲ್ಲವಾ?"

"ಕಾದಿದ್ದರೆ ಎಲ್ಲರೂ ಹೋಗ್ತಿದ್ದರು. ಆ ಸಾಸಿವೆ ಬಟ್ಟಲು ಈ ಕಡೆ ಕೊಡು."

ಅವಳು ಕೊಟ್ಟಿದ್ದಳು. ಮತ್ತೆಂದೂ ಆ ಮಾತು ಎತ್ತಲಿಲ್ಲ.

*

"ಯಜಮಾನ್ರು ತಪ್ಪು ಮಾಡಿದ್ರು ಅಂತ ನಾನೆಂದೂ ಅಂದಿಲ್ಲ ಅಮ್ಮಾವ್ರೆ," ಎಂದ ಜೆಥ್ರೊ, ಬಾಗಿಲಿಗೆ ಅಡ್ಡ ನಿಂತು. "ಅವರ ಜಾಗದಲ್ಲಿ ನಾನಿದ್ರೂ ಸಿಡಿಸ್ತಿದ್ನೋ ಏನೋ."

"ಹಾಗಾದರೆ ಬಾರಪ್ಪ. ಚರ್ಚಿನವರೆಗೆ."

"ಹದಿನೆಂಟು ವರ್ಷ ಇದೇ ಬೀದೀಲಿ ಕೋಲು ಬೀಸ್ಕೊಂಡು ಓಡಾಡಿದ್ರು. ಒಂದ್ಸಲ ಈ ಬಾಗಿಲು ತಟ್ಟಿ, 'ನಿನ್ನ ಕಿರಿಮಗ ಹೋದ, ಅಪ್ಪಣೆ ಕೊಟ್ಟವನು ನಾನು' ಅಂತ ನಮ್ಮಮ್ಮನಿಗೆ ಅಂದಿದ್ರೆ ಸಾಕಿತ್ತು."

"ಅಂಥ ಮಾತಿಗೆಲ್ಲ ಅವರಿಗೆ ಬಾಯಿ ಬರ್ತಿರಲಿಲ್ಲ, ಜೆಥ್ರೊ."

"ಸೇತುವೆ ಸಿಡಿಸೋಕೆ ಬಂತಲ್ಲ!" ಒಳಗಿನಿಂದ ಮುದುಕಿ ಕೂಗಿದಳು. "ಅವರನ್ನ ಹೊರೋಕೆ ಜನ ಬೇಕಂತೋ? ನನ್ನ ಮಗನ್ನ ಯಾರು ಹೊತ್ತರು ಕೇಳೋ. ಬಾಗಿಲು ಹಾಕು, ಗಾಳಿ ಬರ್ತದೆ."

ಜೆಥ್ರೊ ತಲೆ ತಗ್ಗಿಸಿ ಬಾಗಿಲು ಹಾಕಿಕೊಂಡ.

ಮ್ಯುರಿಯಲ್ ಮನೆಗೆ ಬಂದವಳೇ ಪೆಟ್ಟಿಗೆಯ ಎಡ ಮೂಲೆಗೆ ಹೋಗಿ ನಿಂತಳು.

"ಚಿಕ್ಕಮ್ಮ, ಹೆಂಗಸರು ಹೊರೋದುಂಟೇ?"

"ನಾನೂ ಈ ಊರಲ್ಲೇ ಹುಟ್ಟಿದವಳು. ಎತ್ತಿ."

ಐವರೂ ಎತ್ತರದ ಗಂಡಸರು. ಪೆಟ್ಟಿಗೆ ಅವಳ ಕಡೆಗೇ ವಾಲಿತು, ಭಾರವೂ ಅತ್ತಲೇ ಇಳಿಯಿತು. ಬೀದಿಯ ತಿರುವಿನಲ್ಲಿ, ಮೇಲಿಟ್ಟಿದ್ದ ಬ್ರಿಗೇಡಿಯರನ ಕೆಂಪು ಪಟ್ಟಿಯ ಟೋಪಿ ಮೆಲ್ಲಗೆ ಜಾರಿ, ಅಂಗಾತ ಕೆಸರಿಗೆ ಬಿತ್ತು. ಹೊತ್ತವರಿಗೆ ಕೈ ಬಿಡುವಿರಲಿಲ್ಲ. ಎರಡೂ ಬದಿಯ ಬಾಗಿಲುಗಳಲ್ಲಿ ಜನ ನಿಂತಿದ್ದರು, ಒಬ್ಬರೂ ಬಗ್ಗಲಿಲ್ಲ. ಟೋಪಿಯೊಳಗೆ ಮಳೆನೀರು ನಿಲ್ಲತೊಡಗಿತು.