ಉಗುಳಿ ಇಟ್ಟ ಕಲ್ಲುಗಳು

ಹಳೆಯ ಕಬ್ಬಿಣದ ಕುಲುಮೆಗಳಿರುವ ಈ ಕಾಡಿನಲ್ಲಿ ಬಂದವರಿಗೆ ದಾರಿ ತೋರಿಸುವವಳು ನಾನು. ಕಾಲುದಾರಿ ಶುರುವಾಗುವಲ್ಲೇ ಒಂದು ಕಲ್ಲುಗುಪ್ಪೆಯಿದೆ. ಒಂದು ಕಲ್ಲೆತ್ತಿ, ಅದಕ್ಕೆ ಉಗುಳಿ, ಗುಪ್ಪೆಯ ಮೇಲಿಟ್ಟು ಹೋದರೆ ದಾರಿ ಸುಖ. ಇಟ್ಟದ್ದನ್ನು ಮಾತ್ರ ಯಾರೂ ತೆಗೆಯುವಂತಿಲ್ಲ. ಹನ್ನೆರಡು ವರ್ಷದಿಂದ ಶಾಲೆಮಕ್ಕಳಿಂದ ಮಂತ್ರಿಗಳವರೆಗೆ ಎಲ್ಲರಿಂದಲೂ ಉಗುಳಿಸಿದ್ದೇನೆ.

ಮಂಗಳವಾರ ಟಿಕೆಟ್ ಹಿಡಿದು ಒಬ್ಬನೇ ಬಂದವನು ಗೊಡಿಡೆ. ಮೂವತ್ತು ವರ್ಷದ ಹಿಂದೆ, ಪಕ್ಷಗಳ ಹೊಡೆದಾಟದಲ್ಲಿ, ನನ್ನ ತಮ್ಮ ಲಿಂಡಾನಿಯನ್ನು ನಮ್ಮ ಹೊಸ್ತಿಲಿನಿಂದ ಎಳೆದೊಯ್ದವನು. ಹೆಣ ಸಿಗಲಿಲ್ಲವೆಂದು ಕೋರ್ಟು ಅವನನ್ನು ಬಿಟ್ಟಿತು. ಸತ್ತ ಜಾಗದಲ್ಲಿ ಮುಳ್ಳಿನ ಕೊಂಬೆಯಿಟ್ಟು ಹೆಸರು ಹಿಡಿದು ಕರೆದರೆ ತಾನೆ ಸತ್ತವರು ಆ ಕೊಂಬೆಯ ಜೊತೆ ಮನೆಗೆ ಬರುವುದು? ಜಾಗವೇ ಗೊತ್ತಾಗದೆ ಅಮ್ಮ ಕೊರಗಿ ಸತ್ತಳು.

ಅವನಿಗೆ ನನ್ನ ಗುರುತು ಹತ್ತಲಿಲ್ಲ.

"ಒಂದು ಕಲ್ಲಿಡಿ, ಯಜಮಾನ್ರೆ."

"ಬೇಡ ಬಿಡವ್ವ," ಎಂದು ಗುಪ್ಪೆಯನ್ನು ದೂರದಿಂದಲೇ ಬಳಸಿ ನಡೆದ.

ಕುಲುಮೆಗಳ ಹತ್ತಿರ ನರಪಿಳ್ಳೆಯೂ ಇರಲಿಲ್ಲ. ಪೊದೆ ಸವರುವ ಮಚ್ಚು ನನ್ನ ಕೈಯಲ್ಲಿತ್ತು. ಅದರ ಬೆನ್ನಿನಿಂದ ಅವನ ಮೊಣಕಾಲಿಗೆ ಬೀಸಿದೆ. ಚಿಪ್ಪು ಒಡೆದ ಸದ್ದು ಕೇಳಿ, ಸುಳ್ಳು ಯಾಕೆ ಹೇಳಲಿ, ಖುಷಿಯಾಯಿತು.

"ನಾನು ಲಿಂಡಾನಿ ಶೇಜಿಯ ಅಕ್ಕ. ಎಲ್ಲಿ ಕೊಂದೆ ಹೇಳು."

"ಹುಚ್ಚು ಹಿಡಿದಿದ್ಯಾ ನಿಂಗೆ?"

ಕೈಗೂ ಹೊಡೆದೆ. ಬೆರಳುಗಳು ಹಿಂದಕ್ಕೆ ಮಡಚಿಕೊಂಡವು.

"ಗುಪ್ಪೆ ಹತ್ರ," ಎಂದು ಅತ್ತ. "ಅಲ್ಲೇ ಹೊಡೆದ್ವಿ, ಅದರಡಿಗೇ ಹಾಕಿದ್ವಿ. ಆ ಕಲ್ಲು ಯಾರೂ ತೆಗೆಯಲ್ಲ ಅಂತ."

ನಾನು ಕೆಲಸಕ್ಕೆ ಸೇರಿದಾಗ ಮೊಣಕಾಲೆತ್ತರವಿದ್ದ ಗುಪ್ಪೆ ಈಗ ಎದೆಮಟ್ಟ. ತಮ್ಮನ ಮೇಲೆ ಅಷ್ಟನ್ನೂ ಹೇರಿಸಿದವಳು ನಾನೇ. ಮಚ್ಚಿನ ಬಾಯಿ ತಿರುಗಿಸಿ ಗೊಡಿಡೆಯ ತೊಡೆಗೆ ಇಳಿಸಿದೆ. ರಕ್ತ ಬುಳುಬುಳು ಹರಿಯಿತು.

"ಅಕ್ಕಾ, ನಿನ್ನ ದಮ್ಮಯ್ಯ, ಗೇಟ್ನೋರಿಗಾದ್ರೂ ಹೇಳು. ಸತ್ತೋಗ್ತೀನಿ."

"ಹೇಳ್ತೀನಿ," ಎಂದೆ. ಆಗ ಹೇಳಬೇಕೆಂದೇ ಇದ್ದೆ.

ದಾರಿಯಲ್ಲಿ ಮುಳ್ಳಿನ ಕೊಂಬೆಯೊಂದನ್ನು ಕಡಿದುಕೊಂಡೆ. ಗುಪ್ಪೆಗೆ ಅದನ್ನು ಒರಗಿಸಿ ಕರೆದೆ: "ಲಿಂಡಾನಿ, ಏಳಪ್ಪ. ಮನೆಗೆ ಹೋಗೋಣ."

ಕೊಂಬೆ ಎತ್ತಿಕೊಂಡ ಮೇಲೆ ಮನೆ ಮುಟ್ಟುವವರೆಗೆ ಸತ್ತವನ ಹೊರತು ಯಾರೊಡನೆಯೂ ಮಾತಾಡುವಂತಿಲ್ಲ. ನನಗದು ಚೆನ್ನಾಗಿ ಗೊತ್ತಿತ್ತು. ಆದರೂ ಎತ್ತಿಕೊಂಡೆ.

ಗೇಟು ಕಾಯುವ ಡುಮಾ ಕೇಳಿದ, "ಶೇಜಿಯಮ್ಮ, ನಿಮ್ಮ ಜೊತೆ ಹೋದ ಮುದುಕ ಎಲ್ಲಿ?"

ಆಮೇಲೆ ಕೊಂಬೆ ನೋಡಿದ. ಟೋಪಿ ತೆಗೆದು, ಪಾಪ, ಬಾಯಿ ಮುಚ್ಚಿಕೊಂಡು ದಾರಿ ಬಿಟ್ಟ.

ಬಸ್ಸಿನಲ್ಲಿ ಎರಡು ಬೆರಳು ತೋರಿಸಿ ಎರಡು ಟಿಕೆಟ್ ತೆಗೆದುಕೊಂಡೆ. ನಮ್ಮೂರು ಎರಡು ಗಂಟೆಯ ದಾರಿ.

"ಕಿಟಕಿ ಪಕ್ಕ ಕೂತ್ಕೊಳೋ," ಎಂದೆ ಲಿಂಡಾನಿಗೆ. "ಆತುರ ಏನಿಲ್ಲ."