ಮೇಜಿನ ಕೆಳಗೆ

ವಾಷಿಂಗ್ ಮಷಿನ್ ಗರಗರ ಅನ್ನುತ್ತಿದೆ, ಒಳಗೆ ಒಂದು ಕರವಸ್ತ್ರವೂ ಇಲ್ಲ, ಬರೀ ನೀರು, ಪ್ರತಿ ಶುಕ್ರವಾರ ಹೀಗೆಯೇ, ಬಾಗಿಲ ಸಂದಿಗೆ ಟವೆಲ್, ಕಿಟಕಿಗೆ ದಪ್ಪ ಪರದೆ, ಎಸಿ ಜೋರು, ಜೊತೆಗೆ ಈ ಖಾಲಿ ಮಷಿನ್ — ನಾವು ಪ್ರಾರ್ಥನೆ ಮಾಡುವುದು ಪಕ್ಕದ ಮನೆಗೆ ಕೇಳಬಾರದಲ್ಲ, ಕೇಳಿ ಯಾರಾದರೂ ಮುತವ್ವಗಳ ಕಿವಿಗೆ ಹಾಕಿದರೆ, ಧರ್ಮ ಕಾಯುವ ಆ ಪೊಲೀಸರು ಬಂದು ಬಾಗಿಲು ಬಡಿದರೆ, ಗಂಡ ಸಿಮೋನನ ರಿಫೈನರಿ ಕೆಲಸ, ಇಲ್ಲಿ ಇರಲಿಕ್ಕೆ ಬಿಡುವ ಇಕಾಮಾ ಕಾರ್ಡು, ರಾಬಿಗ್‌ನ ಈ ಮನೆ ಎಲ್ಲವೂ ಹೋಯಿತು, ಮೊದಲು ಲಾಕಪ್ಪು, ಆಮೇಲೆ ವಿಮಾನ. ಆದ್ದರಿಂದ ಹಾಡು ಗಂಟಲಿನಿಂದ ಮೇಲೆ ಬರುವುದಿಲ್ಲ, ಚಪ್ಪಾಳೆಯೆಂದರೆ ಅಂಗೈ ಮೇಲೆ ಎರಡು ಬೆರಳು. ಊಟದ ಮೇಜೇ ಪೀಠ, ಅದರ ಮೇಲೆ ಅಕ್ಕಿ ಡಬ್ಬದೊಳಗಿಂದ ತೆಗೆದ ಶಿಲುಬೆ, ಬುಡದಲ್ಲಿ ಒಂದು ಅಕ್ಕಿಕಾಳು ಇನ್ನೂ ಅಂಟಿಕೊಂಡಿದೆ, ತೆಗೆಯಬೇಕು, ಕೈ ಏಳುತ್ತಿಲ್ಲ. ಮೇಜಿಗೆ ಹಾಸಿದ ಬಿಳಿ ಬಟ್ಟೆ ನೆಲದವರೆಗೆ ಇಳಿದಿದೆ, ಜಿದ್ದಾದ ಬಲದ್ ಮಾರ್ಕೆಟಿನಲ್ಲಿ ಚೌಕಾಸಿ ಮಾಡಿ ತಂದದ್ದು, ಇಷ್ಟು ಉದ್ದದ್ದು ಎಂತಕ್ಕೆ ಅಂತ ಸಿಮೋನ್ ಅಂದೇ ಕೇಳಿದ್ದ, ಉದ್ದ ಇರಲಿ ಬಿಡು, ಚಂದ ಕಾಣ್ತದೆ ಅಂದಿದ್ದೆ. ಮೇಜಿಗೆ ಒತ್ತಿಕೊಂಡೇ ಕುಳಿತಿದ್ದೇನೆ. ನನ್ನ ಕಾಲ್ಬೆರಳುಗಳು ಬಟ್ಟೆಯ ಅಂಚಿನಿಂದ ಈಚೆಗಿವೆ, ಉಗುರಿಗೆ ಕೆಂಪು ಬಣ್ಣ, ಊರಿನಿಂದ ಬಂದ ದಿನವೇ ಲಿಯೋನಾ ನನ್ನನ್ನು ಹಿಡಿದು ಕೂರಿಸಿ ಹಚ್ಚಿದ್ದು, ಮಮ್ಮಿ, ಯು ಲುಕ್ ಸೋ ಟಯರ್ಡ್, ಕಾಲಾದರೂ ಖುಷಿಯಾಗಿರಲಿ. ಈಗ ಅವಳು ನನ್ನ ಎದುರಿಗಿದ್ದಾಳೆ, ತಲೆ ತಗ್ಗಿಸಿಕೊಂಡು. ನನ್ನ ಕಡೆ ನೋಡುತ್ತಿಲ್ಲ.

ಸನ್ನಿ ಕಣ್ಣು ಮುಚ್ಚಿದ್ದಾನೆ, ಬ್ರದರ್ ಸನ್ನಿ ಅನ್ನಬೇಕು, ಬರೀ ಸನ್ನಿ ಅಂದರೆ ಸಿಮೋನನ ಮುಖ ಕೆಡುತ್ತದೆ. ಈ ಊರಲ್ಲಿ ನಮಗೆ ಪಾದ್ರಿಗಳಿಲ್ಲ, ಕಣ್ಣು ಮುಚ್ಚಿದ ಕೂಡಲೇ ಯಾರಿಗೆ ನೀರು ಬರುತ್ತದೋ ಅವನೇ ಪಾದ್ರಿ. ಶಿರ್ವದ ಕಡೆಯವನು, ಜಿದ್ದಾದಲ್ಲಿ ಕೆಲಸ ಹೋಗಿದೆ, ವೀಸಾಕ್ಕೆ ಹೊಣೆ ನಿಲ್ಲುವ ಬೇರೆ ಕಫೀಲ್ ಸಿಗುವವರೆಗೆ ನಮ್ಮಲ್ಲಿರಲಿ ಇಜ್ಜಾ, ಎರಡು ವಾರದ ಮಾತು, ಅಂತ ನನ್ನನ್ನು ಒಪ್ಪಿಸಿ ಸಿಮೋನನೇ ಕಾರಿನಲ್ಲಿ ಕೂರಿಸಿಕೊಂಡು ಬಂದದ್ದು, ಆ ಎರಡು ವಾರದೊಳಗೆ ಒಂದು ಕ್ರಿಸ್ಮಸ್, ಒಂದು ಈಸ್ಟರ್ ಮುಗಿದವು, ಕೆಲಸ ಸಿಕ್ಕಿತು, ಕಫೀಲ್ ಸಿಕ್ಕಿದ, ಬೇರೆ ಮನೆ ಮಾತ್ರ ಸಿಗಲಿಲ್ಲ. ಎಸಿಯ ಗಾಳಿ ಬೀಳುವ ಕುರ್ಚಿ ಅವನದಾಯಿತು. ನಲವತ್ತು ದಿನದ ಉಪವಾಸದಲ್ಲಿ ಮಾಂಸ ಮುಟ್ಟುವುದಿಲ್ಲ ಸಿಸ್ಟರ್, ಮೀನಾದರೆ ಅಡ್ಡಿಯಿಲ್ಲ — ಅಂಜಲಿನ ತಲೆ, ನಡುವಿನ ತುಂಡು, ಬ್ರದರಿಗೆ ಹಾಕು ಇಜ್ಜಾ, ಉಪವಾಸದವರು ಸೋತಿದ್ದಾರೆ, ಬಾಲದ ತುಂಡು ನಮಗೆ ಇಬ್ಬರಿಗೆ. ಇದನ್ನೆಲ್ಲ ನಗುತ್ತ ಬಡಿಸಿದೆ, ತಮಾಷೆಯೆಂದುಕೊಂಡೆ, ಎಲ್ಲರ ಮನೆಯಲ್ಲೂ ಇಂಥವನೊಬ್ಬ ಇರುತ್ತಾನೆ, ಉಂಡು ಹೋಗುತ್ತಾನೆ. ಪಕ್ಕದಲ್ಲಿ ಕುಳಿತ ಲವಿನಾಳಿಗೆ ಅವನೆಂದರೆ ದೇವರು, ಆಸ್ಪತ್ರೆಯಲ್ಲಿ ನರ್ಸು, ಕಣ್ಣೆದುರು ಎಷ್ಟು ಜನ ಸತ್ತದ್ದು ನೋಡಿದವಳು, ಆದರೂ ಬ್ರದರ್ ಪ್ರಾರ್ಥನೆ ಮಾಡಿದ ಮೇಲೆಯೇ ತಮ್ಮನ ವೀಸಾ ಬಂದದ್ದು ಮಾರಾಯ್ತಿ ಅನ್ನುತ್ತಾಳೆ, ಇವಳ ಹತ್ತಿರ ಎಂತ ಹೇಳುವುದು. ಸನ್ನಿಯ ಬಲಗೈ ಮೇಲೆ ಸುಟ್ಟ ಗಾಯ ಇನ್ನೂ ಕೆಂಪಗಿದೆ, ಬಿಸಿ ಚಾ ಬಿದ್ದದ್ದು ಅಂತ ಎಲ್ಲರಿಗೂ ಹೇಳಿದ್ದಾನೆ, ಅದು ಸುಳ್ಳಲ್ಲ. ಆ ಕೈಯನ್ನೇ ಅವನು ಈಗ ಎಲ್ಲರ ತಲೆಯ ಮೇಲೆ ಎತ್ತಿ ಹಿಡಿದಿದ್ದಾನೆ.

ನಾಟಕದ ಕಪಟಿಗೂ ಹೀಗೆಯೇ ಕೈ ಎತ್ತುವ ಅಭ್ಯಾಸ ಇತ್ತು. ಮಂಗಳೂರಿನ ಕಾಲೇಜು, ಬಿ.ಎ. ಎರಡನೇ ವರ್ಷ, ಸಿಸ್ಟರ್ ಹಿಲ್ಡಾ ಮಾಡಿಸಿದ್ದು, ಮುನ್ನೂರು ವರ್ಷದ ಹಿಂದಿನ ಫ್ರೆಂಚ್ ನಗೆನಾಟಕ, ಒಬ್ಬ ಹಣವಂತ ಯಾರೋ ಕಳ್ಳನನ್ನು ಭಕ್ತನೆಂದು ನಂಬಿ ಮನೆಗೆ ತರುತ್ತಾನೆ, ಮನೆ ಕೊಡುತ್ತಾನೆ, ಮಗಳನ್ನೂ ಕೊಡಲು ಹೊರಡುತ್ತಾನೆ, ಆ ಕಳ್ಳನ ಕಣ್ಣು ಇರುವುದು ಹೆಂಡತಿಯ ಮೇಲೆ. ಅಲ್ಲಿನ ಧರ್ಮದವರು ಸಿಟ್ಟಾಗಿ ಐದು ವರ್ಷ ಆ ನಾಟಕ ಆಡಲಿಕ್ಕೆ ಬಿಡಲಿಲ್ಲವಂತೆ, ಸಿಸ್ಟರ್ ಹಿಲ್ಡಾ ಇದನ್ನು ಹೇಳುವಾಗ ಅವರಿಗೇ ಹೆಮ್ಮೆ. ಆದರೆ ನಮ್ಮಲ್ಲೂ ತಕರಾರು ಆಯಿತಲ್ಲ — ಕಪಟಿಯ ಕುತ್ತಿಗೆಯ ಶಿಲುಬೆ ತೆಗೆಯಿರಿ ಅಂದರು ಚರ್ಚಿನ ಫಾದರ್, ಹಾಗಾದರೆ ಜಪಮಣಿ ಹಾಕುವಾ ಅಂದರು ಸಿಸ್ಟರ್, ಬೇಡ, ಅದು ಬೇರೆಯವರಿಗೆ ಬೇಸರ, ಟೋಪಿಯೂ ಬೇಡ, ಗಡ್ಡವೂ ಬೇಡ, ಕೊನೆಗೆ ಒಂದು ಕಂದು ಕೋಟು ತೊಡಿಸಿದರು, ಯಾವ ದೇವರಿಗೂ ಸೇರದ ಕೋಟು. ಕಪಟಿ ಯಾರ ಮನೆಯವನೂ ಅಲ್ಲ ಅಂತಾಯಿತು, ಆದ್ದರಿಂದಲೇ ಅಷ್ಟು ಜನ ಹೊಟ್ಟೆ ಹಿಡಿದು ನಕ್ಕದ್ದು. ನಾನು ಹೆಂಡತಿ. ಗಂಡನನ್ನು ಮೇಜಿನ ಕೆಳಗೆ ಅಡಗಿಸಿ ಕಪಟಿಯನ್ನು ಕರೆಸುತ್ತೇನೆ, ಅವನು ಹತ್ತಿರ ಬರುತ್ತಾನೆ, ನಾನು ಕೆಮ್ಮುತ್ತೇನೆ, ಗಂಡ ಬರುವುದಿಲ್ಲ, ಅವನು ಇನ್ನೂ ಹತ್ತಿರ, ನಾನು ಇನ್ನೂ ಜೋರಾಗಿ ಕೆಮ್ಮುತ್ತೇನೆ, ಸಭೆ ಬಿದ್ದು ಬಿದ್ದು ನಗುತ್ತದೆ, ಮುಂದಿನ ಸಾಲಿನಲ್ಲಿ ಒಬ್ಬ ಹುಡುಗನಂತೂ ಕುರ್ಚಿಯಿಂದ ಜಾರಿದ. ಆ ಹುಡುಗನೇ ಸಿಮೋನ್. ಕಿನ್ನಿಗೋಳಿಯ ಸಿಮೋನ್, ಆಮೇಲೆ ಅತ್ತೆಯನ್ನು ಕರೆದುಕೊಂಡು ನಮ್ಮ ಮನೆಗೆ ಬಂದು, ನಿಮ್ಮ ಕೆಮ್ಮು ಕೇಳಿಯೇ ನಾನು ಬಿದ್ದದ್ದು ಅಂದವನು. ಮದುವೆಯಾದ ಮೇಲೂ ಕೆಮ್ಮಿ ತೋರಿಸು ಅನ್ನುತ್ತಿದ್ದ, ಲಿಯೋನಾ ಚಿಕ್ಕವಳಿದ್ದಾಗ ಅವಳೂ ಸೇರಿಕೊಂಡಳು, ಮಮ್ಮಿ, ಮೇಜಿನ ಕಥೆ, ಅಪ್ಪ ಕೆಳಗೆ, ಮಗಳು ಕಪಟಿ, ನಾನು ಕೆಮ್ಮಬೇಕು, ಕೆಮ್ಮಿದರೂ ಅವನು ಬೇಕೆಂದೇ ಬರುತ್ತಿರಲಿಲ್ಲ, ಕೊನೆಗೆ ಬಟ್ಟೆ ಹಾರಿಸಿಕೊಂಡು ಬಂದರೆ ಮೂವರೂ ನೆಲದ ಮೇಲೆ. ಎಷ್ಟು ಒಳ್ಳೆಯವನಿದ್ದ ಸಿಮೋನ್.

ಮಗಳನ್ನು ಬ್ರದರಿಗೆ ಕೊಡುವಾ ಇಜ್ಜಾ. ಅವನು ಹಾಗೆಂದದ್ದು ಲಿಯೋನಾ ಬಂದ ಮಾರನೆಯ ದಿನ, ಡಿಗ್ರಿ ಮುಗಿಸಿ ರಜೆಗೆಂದು ಬಂದವಳು, ಮಂಗಳಗಂಗೋತ್ರಿಯಲ್ಲಿ ಎಂ.ಎಸ್ಸಿ. ಸೀಟು ಸಿಕ್ಕಿದವಳು, ಆ ಹುಡುಗಿಗೆ ಸನ್ನಿ. ಅಪ್ಪ ಬರೆದುಕೊಟ್ಟರೆ ಮಾತ್ರ ಅವಳಿಗೆ ಊರಿಗೆ ಹೋಗುವ ವೀಸಾ, ಅಪ್ಪ ಬರೆದುಕೊಡುತ್ತಿಲ್ಲ, ನಿಶ್ಚಯ ಆಗಲಿ, ಆಮೇಲೆ ನೋಡುವಾ. ಅಷ್ಟರಲ್ಲಿ ನನಗೆ ಸನ್ನಿಯ ಗುಣ ಗೊತ್ತಾಗಿತ್ತು, ಅಡುಗೆಮನೆಯಲ್ಲಿ ಹಿಂದಿನಿಂದ ಹಾದುಹೋಗಲು ಅವನಿಗೆ ಎಷ್ಟು ಜಾಗ ಇದ್ದರೂ ಸಾಲದು. ಸಿಮೋನನಿಗೆ ಹೇಳಿದೆ. ನಿನಗೆ ತಲೆ ಕೆಟ್ಟಿದೆ ಅಂದ. ಹಾಗಾದರೆ ಕೂತು ನೋಡು ಅಂದೆ, ಮೇಜಿನ ಕೆಳಗೆ, ಒಂದು ಲೋಟ ಚಾ ಮುಗಿಯುವಷ್ಟು ಹೊತ್ತು, ಅವನು ಮರ್ಯಾದೆಯಿಂದ ಕುಡಿದು ಎದ್ದುಹೋದರೆ ನಾನೇ ಲಿಯೋನಾಳಿಗೆ ಮದುವೆ ಸೀರೆ ತರುತ್ತೇನೆ. ಸಿಮೋನ್ ನಕ್ಕ, ಎಷ್ಟೋ ಕಾಲದ ಮೇಲೆ ಹಳೆಯ ನಗು, ಇನ್ನೂ ನಾಟಕ ಬಿಟ್ಟಿಲ್ಲವಾ ನೀನು, ಮೊಣಕಾಲು ಹಿಡಿದುಕೊಂಡು ಕೆಳಗೆ ತೂರಿದ, ನಾನು ಬಟ್ಟೆ ಸರಿಮಾಡಿದೆ, ನನಗೂ ನಗು, ದೇವರಾಣೆ ನನಗೂ ನಗು ಬಂದಿತ್ತು. ಮಟಮಟ ಮಧ್ಯಾಹ್ನ, ಲಿಯೋನಾ ಲವಿನಾಳ ಮನೆಗೆ ಹೋಗಿದ್ದಾಳೆ, ಸನ್ನಿ ಸ್ನಾನ ಮುಗಿಸಿ ಪೌಡರ್ ಹಾಕಿಕೊಂಡು ಬರುತ್ತಾನೆ, ಚಾ ಕೊಡುತ್ತೇನೆ, ಎದುರು ಕೂರುತ್ತೇನೆ. ಬ್ರದರ್ ಸಿಮೋನ್ ಇಲ್ಲವಾ. ಡ್ಯೂಟಿಗೆ ಹೋದರು. ಅವನು ಎದ್ದು ನನ್ನ ಪಕ್ಕದ ಕುರ್ಚಿಗೆ ಬಂದ, ಕೈ ನನ್ನ ಕೈ ಮೇಲೆ, ಆಮೇಲೆ ಮೊಣಕಾಲ ಮೇಲೆ, ಸಿಸ್ಟರ್, ಸಿಸ್ಟರ್ ಅನ್ನುತ್ತಲೇ. ಲಿಯೋನಾ ಮಗು, ಅವಳಿಗೆ ಎಂತ ಗೊತ್ತುಂಟು, ನಾನು ಈ ಮನೆಯಲ್ಲಿ ಉಳಿಯುವುದು ನಿಮಗೋಸ್ಕರ. ಇದು ಸರಿಯಾ ಬ್ರದರ್ ಅಂದೆ, ನಾಟಕದ ಪಾರ್ಟಿನ ಮಾತಿನ ಹಾಗೆ ಸ್ಪಷ್ಟವಾಗಿ, ಕೆಳಗೆ ಕೇಳಲಿ ಅಂತ. ಅವನು ಮೆಲ್ಲಗೆ ನಕ್ಕ. ಈ ಊರಲ್ಲಿ ನಾವು ಪ್ರಾರ್ಥನೆಯನ್ನೇ ಅಡಗಿಸಿ ಮಾಡುವವರಲ್ಲವಾ ಸಿಸ್ಟರ್, ಅಡಗಿಸಿದ್ದೆಲ್ಲ ಪಾಪ ಆಗ್ತದಾ.

ನಾನು ಕೆಮ್ಮಿದೆ. ಆಗ ಕಂಡದ್ದು, ಬಟ್ಟೆಯ ಅಂಚಿನಿಂದ ಹೊರಗೆ ಬಂದಿದ್ದ ಸಿಮೋನನ ಕಾಲು, ಬೂದು ಕಾಲುಚೀಲ, ತುದಿ ಹರಿದು ಹೆಬ್ಬೆರಳು ಕಾಣುತ್ತಿತ್ತು, ಹೊಲಿಯಬೇಕೆಂದು ಬದಿಗಿಟ್ಟದ್ದನ್ನೇ ಹಾಕಿಕೊಂಡಿದ್ದಾನೆ. ಇನ್ನೊಮ್ಮೆ ಕೆಮ್ಮಿದೆ, ಜೋರಾಗಿ. ಆ ಹೆಬ್ಬೆರಳು ಒಂದು ಕ್ಷಣ ಅಲ್ಲಾಡಲಿಲ್ಲ, ಆಮೇಲೆ ನಿಧಾನವಾಗಿ ಒಳಗೆ ಹೋಯಿತು. ಒಳಗೆ. ಬಟ್ಟೆಯ ಅಂಚು ಮತ್ತೆ ನೆಟ್ಟಗಾಯಿತು. ಚಾದ ಲೋಟ ನಾನಾಗಿ ಸುರಿದೆನೋ, ಕೈ ತಪ್ಪಿತೋ, ಸನ್ನಿ ಜೀಸಸ್ ಅಂತ ಕೂಗಿದ, ಈ ಮನೆಯಲ್ಲಿ ಆ ಹೆಸರನ್ನು ಅಷ್ಟು ದೊಡ್ಡ ಸ್ವರದಲ್ಲಿ ಯಾರೂ ಕರೆದದ್ದಿಲ್ಲ, ಕೈ ಹಿಡಿದುಕೊಂಡು ಬಾತ್‌ರೂಮಿಗೆ ಓಡಿದ, ಅಲ್ಲಿಂದ ಹೊರಗೆ. ಮುಂಬಾಗಿಲು ಹಾಕಿದ ಸದ್ದಾದ ಮೇಲೂ ಸಿಮೋನ್ ಹೊರಗೆ ಬರಲಿಲ್ಲ. ನಾನು ನೆಲ ಒರೆಸಿದೆ. ಒರೆಸುತ್ತ ಒರೆಸುತ್ತ ಬಟ್ಟೆ ಎತ್ತಿ ನೋಡಬಹುದಿತ್ತು, ನೋಡಲಿಲ್ಲ, ನೋಡಿದರೆ ಅವನ ಮುಖ ಕಾಣುತ್ತದಲ್ಲ. ಕೊನೆಗೆ ಬಂದ, ಮೊಣಕಾಲು ಕೊಡವಿಕೊಂಡ, ಗೋಡೆ ನೋಡಿಕೊಂಡು ಹೇಳಿದ, ನೀನು ನಾಟಕದವಳು ಇಜ್ಜಾ, ಹಾಗೆ ಹತ್ತಿರ ಕೂತು ಚಾ ಕೊಟ್ಟರೆ ಯಾರಾದರೂ ಜಾರ್ತಾರೆ. ಥೂ. ಆವತ್ತೇ ಸಂಜೆ ಸನ್ನಿ ಅವನ ಕಾಲು ಹಿಡಿದು ಅತ್ತ, ನಾನು ದುರ್ಬಲ ಮನುಷ್ಯ ಬ್ರದರ್, ಯಾವ ಪಾಪ, ಎಲ್ಲಿ, ಯಾರ ಜೊತೆ, ಏನೂ ಹೇಳದೆ ಅತ್ತ, ಸಿಮೋನ್ ಅವನನ್ನು ಎತ್ತಿ ಅಪ್ಪಿಕೊಂಡ. ಅಪ್ಪಿಕೊಂಡಲ್ಲೇ ಸನ್ನಿ ಪ್ರಾರ್ಥನೆ ಶುರು ಮಾಡಿದ, ಕರ್ತನೇ, ಈ ಮನೆಯಲ್ಲಿ ಶುಕ್ರವಾರ ನಡೆಯುವುದು ಹೊರಗೆ ಹೋಗದಂತೆ ಕಾಪಾಡು, ಬಾಗಿಲು ಬಡಿಯುವವರು ಬಾರದಿರಲಿ, ಈ ಮನೆಯವರು ಬಾಯಿ ಬಿಡದಿರಲಿ, ನಾನೂ ಬಿಡದಂತೆ ನೋಡಿಕೋ. ಆಮೆನ್ ಅಂದ ಸಿಮೋನ್, ತಟ್ಟನೆ. ಅವನು ಹೆದರಿದನಾ, ನಂಬಿದನಾ, ಅದು ಅವನಿಗೂ ಗೊತ್ತಿರಲಿಕ್ಕಿಲ್ಲ. ನಾಟಕದ ಗಂಡ ಪೆದ್ದ, ಕಣ್ಣಾರೆ ಕಂಡ ಮೇಲೆ ಬುದ್ಧಿ ಬಂತು, ನನ್ನವನು ಪೆದ್ದನಲ್ಲ, ಇವನಿಗೆ ಬುದ್ಧಿ ಹೇಗೆ ಬರಬೇಕು.

ಆ ನಾಟಕದ ಕೊನೆಯಲ್ಲಿ ರಾಜನ ಕಡೆಯವನು ಬಾಗಿಲಿಗೆ ಬರುತ್ತಾನೆ, ಎಲ್ಲ ಮುಗಿಯಿತು ಅನ್ನುವಾಗ ಕಪಟಿಯನ್ನೇ ಹಿಡಿದುಕೊಂಡು ಹೋಗುತ್ತಾನೆ, ಮನೆಯವರು ಉಳಿಯುತ್ತಾರೆ, ಆಗ ನಮಗೆಲ್ಲ ಅದು ಸುಳ್ಳು ಸುಳ್ಳೇ ಮುಗಿಸಿದ ಹಾಗೆ ಕಂಡಿತ್ತು, ಈಗ ಅಂಥ ಸುಳ್ಳಾದರೂ ಇದ್ದಿದ್ದರೆ. ಇಲ್ಲಿ ರಾಜನ ಕಡೆಯವನು ಬಾಗಿಲಿಗೆ ಬಂದರೆ ಹಿಡಿಯುವುದು ನಮ್ಮೆಲ್ಲರನ್ನು, ಸನ್ನಿಯ ಪಾಪಕ್ಕಲ್ಲ, ಈ ಶಿಲುಬೆಗೆ. ಲವಿನಾಳ ತಮ್ಮ, ಇಲ್ಲಿ ಕುಳಿತ ಪ್ರತಿಯೊಬ್ಬರ ಸಂಬಳ, ಊರಿನ ಸಾಲ, ಕಟ್ಟುತ್ತಿರುವ ಮನೆ, ಅಷ್ಟೂ ಸನ್ನಿಯ ನಾಲಗೆಯ ತುದಿಯಲ್ಲಿದೆ. ಅಲ್ಲ ಇಜಾಬೆಲ್ಲಾ, ನೆಪ ಹುಡುಕಬೇಡ. ಬೆಳಿಗ್ಗೆ ಅಡುಗೆಮನೆಯಲ್ಲಿ ಎಂತ ಅಂದಿ ನೀನು ಮಗಳಿಗೆ. ಮಮ್ಮಿ, ಐ ಡೋಂಟ್ ವಾಂಟ್ ಹಿಮ್, ಪಪ್ಪನ ಎದುರು ಹೇಳಿದೆ, ಕೇಳ್ಲಿಲ್ಲ, ಇವತ್ತು ಎಲ್ಲರ ಮುಂದೆ ನಿಶ್ಚಯ ಹೇಳ್ತಾರಂತೆ, ನಾನೊಬ್ಬಳೇ ಬೇಡ ಅಂದರೆ ಹುಡುಗಿಯ ಹಟ ಅಂತಾರೆ, ನೀನೂ ಎದ್ದು ಬೇಡ ಅಂದರೆ ಆಗ್ತದೆ, ನೀನು ಒಂದು ಮಾತು ಹೇಳು ಸಾಕು. ಅವಳಿಗೆ ಆ ಮಧ್ಯಾಹ್ನದ್ದೇನೂ ಗೊತ್ತಿಲ್ಲ. ನಾನು ಅವಳ ಕೆನ್ನೆ ಹಿಡಿದುಕೊಂಡು, ಹೇಳ್ತೇನೆ, ಖಂಡಿತ ಹೇಳ್ತೇನೆ, ಎಲ್ಲವನ್ನೂ ಹೇಳ್ತೇನೆ ಅಂದೆ. ಅವಳು ನಕ್ಕಳು ಪಾಪ, ಹಾಗಾದರೆ ಹೊತ್ತಾದಾಗ ನಾನು ಕೆಮ್ಮುತ್ತೇನೆ ಮಮ್ಮಿ, ಮೇಜಿನ ಕಥೆಯ ಹಾಗೆ, ನೀನು ಕೂಡಲೇ ಎದ್ದು ಬರಬೇಕು, ಪಪ್ಪನ ಹಾಗೆ ಸತಾಯಿಸಬಾರದು.

ಸಿಮೋನ್ ಎದ್ದು ನಿಂತಿದ್ದಾನೆ. ಪಿಸುಮಾತಿನಲ್ಲಿ ಹೇಳುತ್ತಿದ್ದಾನೆ, ನಮ್ಮ ಲಿಯೋನಾ, ನಮ್ಮ ಬ್ರದರ್ ಸನ್ನಿ, ದೇವರ ಚಿತ್ತ, ಮಗಳ ನಿಶ್ಚಯವನ್ನು ಕಳ್ಳಮಾಲಿನ ಸುದ್ದಿಯ ಹಾಗೆ, ಎಲ್ಲರೂ ಅಂಗೈ ಮೇಲೆ ಎರಡು ಬೆರಳು ತಟ್ಟುತ್ತಿದ್ದಾರೆ, ಲವಿನಾ ನನ್ನ ತೋಳು ಒತ್ತುತ್ತಾಳೆ, ಎಂಥ ಭಾಗ್ಯ ಮಾರಾಯ್ತಿ. ಸನ್ನಿ ಕಣ್ಣು ತೆರೆದ. ಯಾರ ಮನಸ್ಸಿನಲ್ಲಾದರೂ ಏನಾದರೂ ಉಂಟಾದರೆ ಈಗಲೇ ಹೇಳಿ, ದೇವರ ಮುಂದೆ ಅಡಗಿಸಲಿಕ್ಕಿಲ್ಲ. ನನ್ನನ್ನೇ ನೋಡುತ್ತಿದ್ದಾನೆ, ಕೆಂಪು ಗಾಯದ ಕೈ ಶಿಲುಬೆಯ ಪಕ್ಕದಲ್ಲಿ, ಆ ಅಕ್ಕಿಕಾಳಿನ ಹತ್ತಿರ, ನನಗೆ ಅವನ ಮುಖಕ್ಕೆ ಉಗುಳಬೇಕು, ಕಿರುಚಬೇಕು, ಎದ್ದು ನಿಲ್ಲುತ್ತೇನೆ, ಈಗ ನಿಲ್ಲುತ್ತೇನೆ — ಮಷಿನ್ ನಿಂತಿತು. ನೀರು ಬಿಟ್ಟುಕೊಂಡು ಟಕ್ ಅಂತ ನಿಂತಿತು. ಪಕ್ಕದ ಮನೆಯವರ ಚಮಚದ ಸದ್ದು ಕೇಳುತ್ತಿದೆ, ಅವರದು ನಮಗೆ ಕೇಳಿದರೆ ನಮ್ಮದು ಅವರಿಗೆ, ಸಿಮೋನ್ ತುಟಿಯ ಮೇಲೆ ಬೆರಳಿಟ್ಟಿದ್ದಾನೆ, ನನಗೇ, ಹೌದು ನನಗೇ.

ಲಿಯೋನಾ ಕೆಮ್ಮಿದಳು. ತಲೆ ಎತ್ತಿ ನನ್ನನ್ನು ನೋಡುತ್ತಿದ್ದಾಳೆ, ತುಟಿಯ ಕೊನೆಯಲ್ಲಿ ಬೆಳಗಿನ ನಗು ಇನ್ನೂ ಇದೆ. ಮಷಿನ್ ಯಾರಾದರೂ ಹಾಕಲಿ, ಹಾಕಿದ ಕೂಡಲೇ ಏಳುತ್ತೇನೆ ಮಗಾ, ಒಂದು ನಿಮಿಷ. ಇನ್ನೊಮ್ಮೆ ಕೆಮ್ಮಿದಳು, ಜೋರಾಗಿ. ನಾನು ಅವಳನ್ನು ನೋಡಲಾರದೆ ಕೆಳಗೆ ನೋಡುತ್ತೇನೆ, ಬಿಳಿ ಬಟ್ಟೆ, ಅಂಚು, ಅಂಚಿನ ಈಚೆ ಏನೂ ಇಲ್ಲ, ಕೆಂಪು ಬಣ್ಣದ ಉಗುರು ಕಾಣುತ್ತಿಲ್ಲ, ಈಗಷ್ಟೇ ಇತ್ತು, ನನ್ನ ಹೆಬ್ಬೆರಳು, ಒಳಗೆ, ಯಾವಾಗ ಹೋಯಿತು, ಬಟ್ಟೆಯ ಅಂಚು ನೆಟ್ಟಗಿದೆ, ಹೆಬ್ಬೆರಳು ಒಳಗೆ, ಒಳಗೆ